ಹವ್ಯಾಸಿಯ ನಲವತ್ತೆರಡು ಕಿಲೋಮೀಟರ್

1970ರ ಸೆಪ್ಟೆಂಬರ್ 13. ನ್ಯೂಯಾರ್ಕ್ ನಗರದ ಸೆಂಟ್ರಲ್ ಪಾರ್ಕ್ ಉದ್ಯಾನದಲ್ಲಿ 127 ಮಂದಿ ಓಟಕ್ಕೆ ಸಿದ್ಧರಾಗಿದ್ದರು. ಪ್ರವೇಶ ಶುಲ್ಕ ಒಂದು ಡಾಲರ್. ಉದ್ಯಾನದೊಳಗಿನ ರಸ್ತೆಯನ್ನೇ ನಾಲ್ಕಕ್ಕೂ ಹೆಚ್ಚು ಬಾರಿ ಸುತ್ತಿ 42 ಕಿಲೋಮೀಟರ್ ಪೂರೈಸಬೇಕಿತ್ತು. ಗುರಿ ಮುಟ್ಟಿದವರು 55 ಮಂದಿ ಮಾತ್ರ. ಮೊದಲಿಗರಾಗಿ ಬಂದ ಗ್ಯಾರಿ ಮರ್ಕಿ ವೃತ್ತಿಯಲ್ಲಿ ಅಗ್ನಿಶಾಮಕ ದಳದ ನೌಕರ. ಗೆದ್ದವರಿಗೆ ಕೊಡಲು ದುಡ್ಡಿರಲಿಲ್ಲ. ಕಡಿಮೆ ಬೆಲೆಯ ಕೈಗಡಿಯಾರಗಳನ್ನೂ ಬೇರೆ ಆಟಗಳ ಹಳೆಯ ಟ್ರೋಫಿಗಳನ್ನೂ ಹಂಚಲಾಯಿತು.

ಅದೇ ನ್ಯೂಯಾರ್ಕ್ ಮ್ಯಾರಥಾನನ್ನು 2019ರಲ್ಲಿ ಓಡಿ ಮುಗಿಸಿದವರ ಸಂಖ್ಯೆ 53 ಸಾವಿರವನ್ನು ಮೀರಿತ್ತು. ಅವರಲ್ಲಿ ಪದಕದ ಆಸೆಯಿಂದ ಬಂದವರು ಬೆರಳೆಣಿಕೆಯಷ್ಟು. ಉಳಿದವರೆಲ್ಲ ಗುಮಾಸ್ತರು, ಶಿಕ್ಷಕರು, ಗೃಹಿಣಿಯರು, ನಿವೃತ್ತರು. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುನ್ನ ತಿಂಗಳುಗಟ್ಟಲೆ ಓಡಿ ಅಭ್ಯಾಸ ಮಾಡಿದ ಸಾಮಾನ್ಯರು.

ಐವತ್ತು ವರ್ಷಗಳಲ್ಲಿ ಇಂತಹ ಬದಲಾವಣೆ ಆದದ್ದು ಹೇಗೆ? ಕಾಲುಗಳು ಬದಲಾಗಲಿಲ್ಲ, ದೂರವೂ ಬದಲಾಗಲಿಲ್ಲ. ಬದಲಾದದ್ದು ‘ಯಾರು ಓಡಬಹುದು’ ಎಂಬ ಪ್ರಶ್ನೆಗೆ ಸಮಾಜ ಕೊಡುತ್ತಿದ್ದ ಉತ್ತರ. ಮ್ಯಾರಥಾನ್ ಓಟದ ಇತಿಹಾಸವೆಂದರೆ ಒಂದರ್ಥದಲ್ಲಿ ಆ ಉತ್ತರದ ಇತಿಹಾಸವೇ.

ನೀರು ಹೊರುವವನ ಗೆಲುವು

ಇಂಗ್ಲಿಷಿನ ‘ಅಮೆಚೂರ್’ ಎಂಬ ಪದವನ್ನು ಕನ್ನಡದಲ್ಲಿ ಹವ್ಯಾಸಿ ಎನ್ನುತ್ತೇವೆ. ಲ್ಯಾಟಿನ್ ಮೂಲದಲ್ಲಿ ಅದರ ಅರ್ಥ ‘ಪ್ರೀತಿಸುವವ’ ಎಂದು. ಆದರೆ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಈ ಪದ ಬೇಲಿಯಾಗಿ ಬಳಕೆಯಾಯಿತು. 1860ರ ದಶಕದ ಅಥ್ಲೆಟಿಕ್ ನಿಯಮಗಳ ಪ್ರಕಾರ ಕೂಲಿಗಾರರು, ಕುಶಲಕರ್ಮಿಗಳು, ಯಂತ್ರ ಕೆಲಸದವರು ಹವ್ಯಾಸಿಗಳೆನಿಸಿಕೊಳ್ಳುವಂತಿರಲಿಲ್ಲ. ದೈಹಿಕ ದುಡಿಮೆಯಿಂದ ಹೊಟ್ಟೆ ಹೊರೆಯುವವನು ಸಜ್ಜನರ ಜೊತೆ ಓಡಕೂಡದು ಎಂಬುದು ಅದರ ತಾತ್ಪರ್ಯ. 1880ರಲ್ಲಿ ಈ ನಿಯಮ ಬಿದ್ದುಹೋಯಿತಾದರೂ ಅದರ ಹಿಂದಿನ ಮನೋಭಾವ ಬೇಗ ಹೋಗಲಿಲ್ಲ.

ವಿಚಿತ್ರವೆಂದರೆ, ಈ ಬೇಲಿಯನ್ನು ಮೊದಲಿನಿಂದಲೂ ಮುರಿಯುತ್ತ ಬಂದದ್ದು ಮ್ಯಾರಥಾನ್. 1896ರಲ್ಲಿ ಅಥೆನ್ಸ್‌ನಲ್ಲಿ ಮೊದಲ ಆಧುನಿಕ ಒಲಿಂಪಿಕ್ಸ್ ನಡೆಯಿತು. ಮ್ಯಾರಥಾನ್ ಬಯಲಿನಿಂದ ರಾಜಧಾನಿಯವರೆಗೆ ಓಟ ಏರ್ಪಡಿಸುವ ಸಲಹೆ ಕೊಟ್ಟವರು ಫ್ರಾನ್ಸಿನ ಭಾಷಾಶಾಸ್ತ್ರಜ್ಞ ಮಿಶೆಲ್ ಬ್ರೆಯಾಲ್. ಕ್ರಿ.ಪೂ. 490ರಲ್ಲಿ ಪರ್ಷಿಯನ್ನರ ಮೇಲಿನ ಜಯದ ಸುದ್ದಿ ಹೊತ್ತು ಓಡಿಬಂದ ದೂತನೊಬ್ಬ ಅಥೆನ್ಸ್ ತಲುಪಿ ಪ್ರಾಣ ಬಿಟ್ಟನೆಂಬ ಕಥೆ ಅದಕ್ಕೆ ಪ್ರೇರಣೆ. ಯುದ್ಧಕ್ಕೆ ಹತ್ತಿರದ ಕಾಲದವನಾದ ಇತಿಹಾಸಕಾರ ಹೆರೊಡೋಟಸ್ ಈ ಘಟನೆಯನ್ನು ಹೇಳುವುದಿಲ್ಲ. ಅವನ ಫೀಡಿಪ್ಪಿಡೀಸ್ ಓಡಿದ್ದು ಸುಮಾರು 240 ಕಿ.ಮೀ. ದೂರದ ಸ್ಪಾರ್ಟಾಕ್ಕೆ, ಸಹಾಯ ಕೇಳಲು. ಅಥೆನ್ಸ್‌ನಲ್ಲಿ ಕುಸಿದು ಸತ್ತ ದೂತನ ಕಥೆ ಬಂದದ್ದು ಶತಮಾನಗಳ ನಂತರ.

ಕಥೆ ಏನೇ ಇರಲಿ, 1896ರ ಏಪ್ರಿಲ್ 10ರಂದು ಸುಮಾರು 40 ಕಿ.ಮೀ. ದೂರವನ್ನು 2 ಗಂಟೆ 58 ನಿಮಿಷ 50 ಸೆಕೆಂಡುಗಳಲ್ಲಿ ಓಡಿ ಗೆದ್ದವರು ಸ್ಪಿರಿಡಾನ್ ಲೂಯಿಸ್. ಮರೂಸಿ ಎಂಬ ಹಳ್ಳಿಯಿಂದ ಅಥೆನ್ಸಿಗೆ ನೀರು ಸಾಗಿಸುವುದು ಅವರ ಕಸುಬು. 1904ರ ಸೇಂಟ್ ಲೂಯಿಸ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯವರಾಗಿ ಬಂದ ಫೆಲಿಕ್ಸ್ ಕಾರ್ವಾಹಾಲ್ ಕ್ಯೂಬಾದ ಅಂಚೆಯವರು. 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಗುರಿಯ ಬಳಿ ಮತ್ತೆ ಮತ್ತೆ ಕುಸಿದು ಬಿದ್ದು, ಅಧಿಕಾರಿಗಳು ಎತ್ತಿ ನಿಲ್ಲಿಸಿದ ಕಾರಣಕ್ಕೆ ಪದಕ ಕಳೆದುಕೊಂಡ ಡೊರಾಂಡೊ ಪಿಯೆತ್ರಿ ಇಟಲಿಯ ಮಿಠಾಯಿ ಅಂಗಡಿಯ ಕೆಲಸಗಾರ. ವಿಂಡ್ಸರ್ ಕೋಟೆಯಿಂದ ಕ್ರೀಡಾಂಗಣದ ರಾಜಮನೆತನದ ಆಸನದವರೆಗೆ ಅಂದು ಅಳೆದ 42.195 ಕಿ.ಮೀ. ದೂರವೇ 1921ರಲ್ಲಿ ಅಧಿಕೃತ ಅಳತೆಯಾಯಿತು.

ಬೆಳಗಾವಿಯ ಚೌಗುಲೆ

ಈ ಕಥೆಯಲ್ಲಿ ಕರ್ನಾಟಕದ ನೆಲದವರೂ ಇದ್ದಾರೆ ಎಂಬುದು ಬಹುಮಂದಿಗೆ ತಿಳಿದಿಲ್ಲ. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟದಲ್ಲಿ ರೈತ ಕುಟುಂಬಗಳ ಹುಡುಗರು ಬರಿಗಾಲಿನಲ್ಲಿ ದೂರದ ಓಟ ಓಡುವುದನ್ನು ಸಂಸ್ಥೆಯ ಅಧ್ಯಕ್ಷ ಸರ್ ದೊರಾಬ್ಜಿ ಟಾಟಾ ಗಮನಿಸಿದರು. ಅವರಿಗೆ ತರಬೇತಿ ಇರಲಿಲ್ಲ, ಬೂಟುಗಳಿರಲಿಲ್ಲ, ಓಟದ ನಿಯಮಗಳ ಪರಿಚಯವೂ ಅಷ್ಟಕ್ಕಷ್ಟೆ. ಆದರೂ ಅವರ ವೇಗ ಯುರೋಪಿನ ಅಂದಿನ ಮಟ್ಟಕ್ಕಿಂತ ಹೆಚ್ಚೇನೂ ಹಿಂದಿರಲಿಲ್ಲ. 1920ರ ಆಂಟ್‌ವರ್ಪ್ ಒಲಿಂಪಿಕ್ಸಿಗೆ ಭಾರತದ ತಂಡ ಕಳಿಸುವ ಪ್ರಯತ್ನ ಶುರುವಾದದ್ದು ಅಲ್ಲಿಂದ.

ಆ ತಂಡದಲ್ಲಿದ್ದವರು ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ. ಆಂಟ್‌ವರ್ಪ್‌ನ ಮ್ಯಾರಥಾನ್ 42.75 ಕಿ.ಮೀ. ಉದ್ದವಿತ್ತು, ಒಲಿಂಪಿಕ್ಸ್ ಇತಿಹಾಸದಲ್ಲೇ ಅತಿ ದೂರದ್ದು. ಫಿನ್ಲೆಂಡಿನ ಹಾನೆಸ್ ಕೊಲೆಹ್ಮೈನೆನ್ ಗೆದ್ದ ಆ ಓಟವನ್ನು ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಮುಗಿಸಿ 19ನೆಯ ಸ್ಥಾನ ಪಡೆದರು. ಒಂದು ಗುಲಾಮ ದೇಶದ, ಸರಿಯಾದ ತರಬೇತಿಯಿಲ್ಲದ ಓಟಗಾರನಿಗೆ ಅದು ಸಣ್ಣ ಸಾಧನೆಯಲ್ಲ. ಸ್ಪಿರಿಡಾನ್ ಲೂಯಿಸರಿಗಿಂತ ಹೆಚ್ಚು ದೂರವನ್ನು ಅವರಿಗಿಂತ ಕಡಿಮೆ ಸಮಯದಲ್ಲಿ ಓಡಿದ್ದರು ಚೌಗುಲೆ.

ವೈದ್ಯರ ಎಚ್ಚರಿಕೆ

ವರ್ಗದ ಬೇಲಿಯ ಹಿಂದೆ ಇನ್ನೊಂದು ಬೇಲಿಯಿತ್ತು. ಅದು ಭಯದ್ದು. ಇಷ್ಟು ದೂರ ಓಡಿದರೆ ಹೃದಯ ಒಡೆದೀತು ಎಂಬುದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವೈದ್ಯರಲ್ಲೂ ಇದ್ದ ನಂಬಿಕೆ. ಅಮೆರಿಕದ ಕ್ಲಾರೆನ್ಸ್ ಡಿಮಾರ್ ಅವರ ಎದೆಬಡಿತದಲ್ಲಿ ಅಸಹಜ ಸದ್ದು ಕೇಳಿದ ವೈದ್ಯರು ಓಟ ಬಿಡುವಂತೆ ಸೂಚಿಸಿದ್ದರು. ಡಿಮಾರ್ 1911ರಲ್ಲಿ ಬಾಸ್ಟನ್ ಮ್ಯಾರಥಾನ್ ಗೆದ್ದರು. ಕೆಲವು ವರ್ಷ ಸ್ಪರ್ಧೆಗಳಿಂದ ದೂರವಿದ್ದು ಮತ್ತೆ ಬಂದು, 1930ರ ಹೊತ್ತಿಗೆ ಒಟ್ಟು ಏಳು ಬಾರಿ ಗೆದ್ದರು. ವೃತ್ತಿಯಲ್ಲಿ ಅವರು ಮುದ್ರಣಾಲಯದ ಕೆಲಸಗಾರ. 1954ರಲ್ಲಿ, 65ರ ವಯಸ್ಸಿನಲ್ಲೂ ಬಾಸ್ಟನ್‌ನಲ್ಲಿ ಓಡಿದರು. 1958ರಲ್ಲಿ ಅವರು ಕ್ಯಾನ್ಸರಿನಿಂದ ತೀರಿಕೊಂಡ ಮೇಲೆ ನಡೆದ ಶವಪರೀಕ್ಷೆಯಲ್ಲಿ ಅವರ ಹೃದಯದ ರಕ್ತನಾಳಗಳು ಸಾಮಾನ್ಯರದಕ್ಕಿಂತ ಎರಡು ಮೂರು ಪಟ್ಟು ಅಗಲವಾಗಿದ್ದುದು ಕಂಡುಬಂತು.

ಸಾಮಾನ್ಯರ ಭಯವನ್ನು ಓಡಿಸಿದ ಕೀರ್ತಿ ಬಹುಮಟ್ಟಿಗೆ ನ್ಯೂಜಿಲೆಂಡಿನ ಆರ್ಥರ್ ಲಿಡಿಯರ್ಡ್‌ಗೆ ಸಲ್ಲುತ್ತದೆ. ಪಾದರಕ್ಷೆ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ಅವರು ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು ಒಂದು ತರಬೇತಿ ಕ್ರಮವನ್ನು ರೂಪಿಸಿದರು. ಮೊದಲು ತಿಂಗಳುಗಟ್ಟಲೆ ಆಯಾಸವಾಗದ ವೇಗದಲ್ಲಿ ಹೆಚ್ಚು ದೂರ ಓಡಬೇಕು, ವೇಗದ ಅಭ್ಯಾಸ ಕೊನೆಯಲ್ಲಿ ಬರಬೇಕು ಎಂಬುದು ಅದರ ಸಾರ. 1960ರ ರೋಮ್ ಒಲಿಂಪಿಕ್ಸಿನಲ್ಲಿ ಅವರ ಶಿಷ್ಯರು ಎರಡು ಚಿನ್ನ ಮತ್ತು ಮ್ಯಾರಥಾನಿನ ಕಂಚು ಗೆದ್ದಾಗ ಜಗತ್ತು ಅತ್ತ ತಿರುಗಿ ನೋಡಿತು.

ಪದಕಗಳಿಗಿಂತ ದೊಡ್ಡ ಕೆಲಸ ನಂತರ ನಡೆಯಿತು. ಆಕ್ಲೆಂಡಿನ ನಡುವಯಸ್ಸಿನ ವ್ಯಾಪಾರಿಗಳನ್ನೂ ಹೃದ್ರೋಗದಿಂದ ಚೇತರಿಸಿಕೊಂಡವರನ್ನೂ ಲಿಡಿಯರ್ಡ್ ನಿಧಾನ ಓಟಕ್ಕೆ ಇಳಿಸಿದರು. ಅಲ್ಲಿಗೆ ಬಂದ ಅಮೆರಿಕದ ತರಬೇತುದಾರ ಬಿಲ್ ಬವರ್‌ಮನ್ ಎಪ್ಪತ್ತು ದಾಟಿದ ವೃದ್ಧರೊಬ್ಬರ ಜೊತೆ ಓಡಲಾರದೆ ಹಿಂದೆ ಬಿದ್ದರು. ಊರಿಗೆ ಮರಳಿದ ಅವರು ಹೃದ್ರೋಗ ತಜ್ಞರೊಬ್ಬರ ಜೊತೆ ಸೇರಿ ಬರೆದ ‘ಜಾಗಿಂಗ್’ ಪುಸ್ತಕ 1967ರಲ್ಲಿ ಬಂತು. ಓಟ ಕ್ರೀಡಾಪಟುಗಳ ಕೈಯಿಂದ ಜನರ ಕೈಗೆ ಬಂದದ್ದು ಹೀಗೆ.

ಪೊದೆಯ ಹಿಂದಿನ ಓಟಗಾರ್ತಿ

ಆದರೆ ‘ಜನ’ ಎಂದರೆ ಆಗಲೂ ಗಂಡಸರು ಮಾತ್ರ. ಮೊದಲ ಮ್ಯಾರಥಾನಿನ ಮರುದಿನ ಸ್ತಮಾತಾ ರೆವಿಥಿ ಎಂಬ ಬಡ ಗ್ರೀಕ್ ಮಹಿಳೆ ಅದೇ ದಾರಿಯಲ್ಲಿ ಒಬ್ಬರೇ ಓಡಿದ್ದರು. ಅವರಿಗೆ ಕ್ರೀಡಾಂಗಣದೊಳಗೆ ಪ್ರವೇಶ ಸಿಗಲಿಲ್ಲ. ಎಪ್ಪತ್ತು ವರ್ಷಗಳ ನಂತರವೂ ಸ್ಥಿತಿ ಹೆಚ್ಚು ಬದಲಾಗಿರಲಿಲ್ಲ. 1966ರಲ್ಲಿ ಬಾಬಿ ಗಿಬ್ ಬಾಸ್ಟನ್ ಮ್ಯಾರಥಾನಿಗೆ ಅರ್ಜಿ ಹಾಕಿದಾಗ, ಹೆಂಗಸರ ದೇಹಕ್ಕೆ ಅಷ್ಟು ದೂರ ಓಡುವ ಶಕ್ತಿಯಿಲ್ಲ ಎಂಬ ಉತ್ತರ ಬಂತು. ಅವರು ಆರಂಭದ ಗೆರೆಯ ಬಳಿ ಪೊದೆಯ ಹಿಂದೆ ಅಡಗಿದ್ದು, ಓಟ ಶುರುವಾದೊಡನೆ ಗುಂಪಿಗೆ ಸೇರಿಕೊಂಡರು. 3 ಗಂಟೆ 21 ನಿಮಿಷಗಳಲ್ಲಿ ಗುರಿ ಮುಟ್ಟಿದಾಗ ಬಹುಪಾಲು ಗಂಡಸರು ಅವರ ಹಿಂದಿದ್ದರು.

ಮರುವರ್ಷ ಕ್ಯಾಥರೀನ್ ಸ್ವಿಟ್ಜರ್ ‘ಕೆ.ವಿ. ಸ್ವಿಟ್ಜರ್’ ಎಂದು ಹೆಸರು ನೋಂದಾಯಿಸಿ, 261ನೆಯ ಸಂಖ್ಯೆ ಧರಿಸಿ ಓಡಿದರು. ದಾರಿಯಲ್ಲಿ ಸ್ಪರ್ಧೆಯ ಅಧಿಕಾರಿಯೊಬ್ಬರು ಓಡಿಬಂದು ಆ ಸಂಖ್ಯೆಯನ್ನು ಕಿತ್ತುಕೊಳ್ಳಲು ಹೋದರು. ಅವರನ್ನು ಸ್ವಿಟ್ಜರ್ ಜೊತೆಗಿದ್ದ ಗೆಳೆಯ ಪಕ್ಕಕ್ಕೆ ನೂಕಿದ. ಆ ಚಿತ್ರಗಳು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಅಚ್ಚಾದವು. ಬಾಸ್ಟನ್ 1972ರಲ್ಲಿ ಮಹಿಳೆಯರನ್ನು ಅಧಿಕೃತವಾಗಿ ಸೇರಿಸಿಕೊಂಡಿತು. ಅದೇ ವರ್ಷ ನ್ಯೂಯಾರ್ಕ್‌ನಲ್ಲಿ ಮಹಿಳೆಯರು ಗಂಡಸರಿಗಿಂತ ಹತ್ತು ನಿಮಿಷ ಮೊದಲೇ ಬೇರೆಯಾಗಿ ಹೊರಡಬೇಕೆಂಬ ನಿಯಮ ಬಂದಾಗ, ಆರು ಮಂದಿ ಓಟಗಾರ್ತಿಯರು ಗೆರೆಯ ಮೇಲೆ ಕುಳಿತುಬಿಟ್ಟರು. ಗಂಡಸರ ಓಟ ಶುರುವಾದ ಮೇಲೆಯೇ ಅವರು ಎದ್ದದ್ದು. ಕಡೆಗೆ 1984ರ ಲಾಸ್ ಏಂಜಲೀಸ್‌ನಲ್ಲಿ ಒಲಿಂಪಿಕ್ಸ್ ತನ್ನ ಮೊದಲ ಮಹಿಳಾ ಮ್ಯಾರಥಾನ್ ಕಂಡಿತು. ಗೆದ್ದವರು ಜೋನ್ ಬೆನೊಯಿಟ್.

ಬೀದಿಗೆ ಬಂದ ಓಟ

ಉದ್ಯಾನದೊಳಗಿನ ಓಟ ನಗರದ ಓಟವಾದದ್ದು 1976ರಲ್ಲಿ. ಅಮೆರಿಕದ ಸ್ವಾತಂತ್ರ್ಯದ ಇನ್ನೂರನೆಯ ವರ್ಷದ ಆಚರಣೆಗೆಂದು ನ್ಯೂಯಾರ್ಕ್ ಮ್ಯಾರಥಾನನ್ನು ನಗರದ ಐದೂ ಭಾಗಗಳ ಬೀದಿಗಳಲ್ಲಿ ನಡೆಸಲಾಯಿತು. ಎರಡು ಸಾವಿರಕ್ಕೂ ಹೆಚ್ಚು ಮಂದಿ ಹೆಸರು ಕೊಟ್ಟರು. ಇದರ ಹಿಂದಿನ ಚಾಲಕಶಕ್ತಿ ಫ್ರೆಡ್ ಲೆಬೊ. ರುಮೇನಿಯಾದಲ್ಲಿ ಹುಟ್ಟಿ, ಯಹೂದಿಗಳ ನರಮೇಧದಿಂದ ಪಾರಾಗಿ ಬಂದು, ನ್ಯೂಯಾರ್ಕ್‌ನಲ್ಲಿ ಸಿದ್ಧ ಉಡುಪಿನ ವ್ಯಾಪಾರದಲ್ಲಿದ್ದವರು. 1970ರ ಮೊದಲ ಓಟದಲ್ಲಿ ಅವರೂ ಓಡಿ, 55 ಮಂದಿಯಲ್ಲಿ 45ನೆಯವರಾಗಿ ಬಂದಿದ್ದರು. ವಾಹನ ನಿಲ್ಲಿಸಿ ಓಟಗಾರರಿಗೆ ದಾರಿ ಬಿಡುವುದು, ಬೀದಿಯ ಇಕ್ಕೆಲಗಳಲ್ಲೂ ಜನ ನಿಂತು ಅಪರಿಚಿತರನ್ನು ಹುರಿದುಂಬಿಸುವುದು ಅಲ್ಲಿಂದಾಚೆ ಬೇರೆ ನಗರಗಳಿಗೂ ಹಬ್ಬಿತು. 1981ರಲ್ಲಿ ನಡೆದ ಮೊದಲ ಲಂಡನ್ ಮ್ಯಾರಥಾನಿನಲ್ಲಿ ಮುಂಚೂಣಿಯ ಇಬ್ಬರು ಒಬ್ಬರನ್ನೊಬ್ಬರು ಸೋಲಿಸದೆ ಕೈ ಕೈ ಹಿಡಿದು ಗುರಿ ದಾಟಿದರು.

ಭಾರತದಲ್ಲಿ ಇಂತಹ ಸಾರ್ವಜನಿಕ ಓಟಕ್ಕೆ ದೊಡ್ಡ ರೂಪ ಬಂದದ್ದು 2004ರಲ್ಲಿ ಆರಂಭವಾದ ಮುಂಬೈ ಮ್ಯಾರಥಾನಿನಿಂದ. 2018ರಿಂದ ಅದು ಟಾಟಾ ಹೆಸರನ್ನು ಹೊತ್ತಿರುವುದು, ದೊರಾಬ್ಜಿ ಅವರ ಕಥೆ ಬಲ್ಲವರಿಗೆ ಅರ್ಥಪೂರ್ಣವಾಗಿ ಕಾಣಬಹುದು. ಬೆಂಗಳೂರಿನಲ್ಲಿ 2008ರಿಂದ ನಡೆದುಬಂದಿರುವ ಪ್ರಸಿದ್ಧ ಓಟ ಹತ್ತು ಕಿಲೋಮೀಟರಿನದು. ಜನರ ಬಾಯಲ್ಲಿ ಅದೂ ಮ್ಯಾರಥಾನೇ. ರಾತ್ರಿಯವರೆಗೆ ಎಳೆಯುವ ಸಭೆಯನ್ನೂ ‘ಮ್ಯಾರಥಾನ್ ಸಭೆ’ ಎನ್ನುವ ಕಾಲದಲ್ಲಿ ಇದು ಅಚ್ಚರಿಯಲ್ಲ.

ಮೂವತ್ತರ ನಂತರದ ಗೋಡೆ

ನಿಜವಾದ ಮ್ಯಾರಥಾನಿಗೆ ಸಿದ್ಧತೆ ಬೇರೆಯೇ. ಈಗಾಗಲೇ ಸ್ವಲ್ಪ ಓಡಬಲ್ಲವರಿಗೂ ಹದಿನಾರರಿಂದ ಇಪ್ಪತ್ತು ವಾರಗಳ ಅಭ್ಯಾಸ ಬೇಕು. ವಾರಕ್ಕೆ ಮೂರು ನಾಲ್ಕು ದಿನ ಓಟ. ಅದರಲ್ಲಿ ಒಂದು ದಿನ ದೀರ್ಘ ಓಟ. ಹತ್ತು ಹನ್ನೆರಡು ಕಿಲೋಮೀಟರಿನಿಂದ ಶುರುವಾಗುವ ಈ ಓಟವನ್ನು ಮೆಲ್ಲಮೆಲ್ಲನೆ ಮೂವತ್ತು ಮೂವತ್ತೆರಡಕ್ಕೆ ಏರಿಸಲಾಗುತ್ತದೆ. ಪಕ್ಕದವರೊಡನೆ ಮಾತಾಡಲು ಸಾಧ್ಯವಾಗುವಷ್ಟು ನಿಧಾನವಾಗಿ ಓಡುವುದೇ ಇಲ್ಲಿ ಜಾಣತನ. ಕೊನೆಯ ಎರಡು ಮೂರು ವಾರ ದೂರವನ್ನು ಇಳಿಸಿ ದೇಹಕ್ಕೆ ವಿಶ್ರಾಂತಿ ಕೊಡಬೇಕು. ಎಲುಬು ಮತ್ತು ಸ್ನಾಯುರಜ್ಜುಗಳು ಉಸಿರಿನಷ್ಟು ಬೇಗ ಪಳಗುವುದಿಲ್ಲ. ಅವಸರ ಮಾಡಿದವರು ಮೊಣಕಾಲು ಹಿಡಿದು ಕೂರುವುದು ಈ ಕಾರಣಕ್ಕೇ.

ದೀರ್ಘ ಓಟದ ಗುಟ್ಟು ದೇಹದ ಇಂಧನದಲ್ಲಿದೆ. ಅನ್ನ, ರಾಗಿ, ಗೋಧಿಯಂತಹ ಆಹಾರದಿಂದ ಬರುವ ಸಕ್ಕರೆ ಅಂಶ ಗ್ಲೈಕೋಜನ್ ರೂಪದಲ್ಲಿ ಸ್ನಾಯು ಮತ್ತು ಪಿತ್ತಜನಕಾಂಗದಲ್ಲಿ ಸಂಗ್ರಹವಾಗಿರುತ್ತದೆ. ಅನೇಕರಲ್ಲಿ ಈ ದಾಸ್ತಾನು ಸುಮಾರು ಮೂವತ್ತು ಕಿಲೋಮೀಟರಿನ ಹೊತ್ತಿಗೆ ಬರಿದಾಗುತ್ತ ಬರುತ್ತದೆ. ಕಾಲು ಸೀಸದಷ್ಟು ಭಾರವಾಗುವ, ಮನಸ್ಸು ಸೋಲುವ ಈ ಘಟ್ಟವನ್ನು ಓಟಗಾರರು ‘ಗೋಡೆ’ ಎನ್ನುತ್ತಾರೆ. ಅಭ್ಯಾಸದಿಂದ ದೇಹ ಕೊಬ್ಬನ್ನು ಹೆಚ್ಚು ಬಳಸಿಕೊಂಡು ದಾಸ್ತಾನನ್ನು ಉಳಿಸಲು ಕಲಿಯುತ್ತದೆ.

ಓಟ ಎಲ್ಲ ರೋಗಕ್ಕೂ ಮದ್ದಲ್ಲ ಎಂಬ ಎಚ್ಚರವೂ ಇರಬೇಕು. 1977ರಲ್ಲಿ ಬಂದ ತಮ್ಮ ಪುಸ್ತಕದಿಂದ ಲಕ್ಷಾಂತರ ಅಮೆರಿಕನ್ನರನ್ನು ಬೀದಿಗಿಳಿಸಿದ ಜಿಮ್ ಫಿಕ್ಸ್, 1984ರಲ್ಲಿ ಓಡುವಾಗಲೇ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 52 ವರ್ಷ. ಅವರ ತಂದೆಯೂ ಚಿಕ್ಕ ವಯಸ್ಸಿನಲ್ಲೇ ಹೃದ್ರೋಗಕ್ಕೆ ಬಲಿಯಾಗಿದ್ದರು. ಡಿಮಾರ್ ಮತ್ತು ಫಿಕ್ಸ್ ಇಬ್ಬರ ಜೀವನವನ್ನೂ ಒಟ್ಟಿಗೆ ನೋಡಿದರೆ ಸಿಗುವ ಪಾಠ ಒಂದೇ: ಭಯಪಡಬೇಕಿಲ್ಲ, ಆದರೆ ನಡುವಯಸ್ಸಿನಲ್ಲಿ ಶುರು ಮಾಡುವವರು ವೈದ್ಯರಿಂದ ಪರೀಕ್ಷೆ ಮಾಡಿಸಿಕೊಳ್ಳದೆ ಗೆರೆಯ ಬಳಿ ನಿಲ್ಲಬಾರದು.

1992ರ ನವೆಂಬರಿನಲ್ಲಿ ಅರವತ್ತು ತುಂಬಿದ್ದ ಫ್ರೆಡ್ ಲೆಬೊ, ಮೆದುಳಿನ ಕ್ಯಾನ್ಸರಿಗೆ ತುತ್ತಾಗಿದ್ದರೂ, ತಾವೇ ಬೀದಿಗೆ ತಂದ ಓಟವನ್ನು ಓಡಿದರು. ನ್ಯೂಯಾರ್ಕ್ ಮ್ಯಾರಥಾನನ್ನು ಒಂಬತ್ತು ಸಲ ಗೆದ್ದ ನಾರ್ವೆಯ ಗ್ರೇಟಾ ವೈಟ್ಸ್ ಅಂದು ಗೆಲ್ಲುವ ಯೋಚನೆ ಬಿಟ್ಟು ಅವರ ಪಕ್ಕದಲ್ಲೇ ಹೆಜ್ಜೆ ಹಾಕಿದರು. ಇಬ್ಬರೂ ಗುರಿ ಮುಟ್ಟುವಾಗ ಐದೂವರೆ ಗಂಟೆ ದಾಟಿತ್ತು. ಎರಡು ವರ್ಷಗಳ ನಂತರ ಲೆಬೊ ತೀರಿಕೊಂಡರು. ಅಂದು ಮೊದಲು ಬಂದವರ ಹೆಸರನ್ನು ದಾಖಲೆ ಪುಸ್ತಕದಲ್ಲಿ ಹುಡುಕಬೇಕು. ಐದೂವರೆ ಗಂಟೆ ತೆಗೆದುಕೊಂಡ ಆ ಇಬ್ಬರನ್ನು ನ್ಯೂಯಾರ್ಕ್ ಮರೆತಿಲ್ಲ.