ನಮ್ಮ ಡಿಗ್ರಿ ಕಾಲೇಜು ಯಾರ ಕೈಲಿದೆ? ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆಯವರಿಗೆ ಒಂದು ಇತಿಹಾಸ

ಭಾಗ 1

ಕೊಪ್ಪದ ಹತ್ರ ಕಾವೇರಿ ಸೇತುವೆ ದಾಟಿದ್ದೀರಾ? ಈ ಕಡೆ ಪಿರಿಯಾಪಟ್ಟಣ ತಾಲ್ಲೂಕು, ಆ ಕಡೆ ಕುಶಾಲನಗರ. ಈ ದಡದ ಹುಡುಗಿ ಪಿರಿಯಾಪಟ್ಟಣದ ಸರ್ಕಾರಿ ಕಾಲೇಜಿಗೆ ಸೇರಿದ್ರೆ ಅವಳ ಡಿಗ್ರಿ ಮೈಸೂರು ವಿಶ್ವವಿದ್ಯಾನಿಲಯದ್ದು. ಸೇತುವೆ ದಾಟಿ ಕುಶಾಲನಗರದಲ್ಲಿ ಸೇರಿದ್ರೆ ಕೊಡಗು ವಿಶ್ವವಿದ್ಯಾಲಯದ್ದು. ಓದೋದು ಅದೇ ಬಿಕಾಂ.

ನಮ್ಮ ನಾಲ್ಕೂ ತಾಲ್ಲೂಕಿನ ಸುತ್ತ ಈಗ ಇದೇ ಕಥೆ. ಎಚ್.ಡಿ.ಕೋಟೆ ದಾಟಿ ಗುಂಡ್ಲುಪೇಟೆ ಕಡೆ ಹೋದ್ರೆ ಚಾಮರಾಜನಗರ ವಿವಿ. ಕೆ.ಆರ್.ನಗರದಿಂದ ಒಂದು ದಿಕ್ಕಿಗೆ ಮಂಡ್ಯ ವಿವಿ, ಸಾಲಿಗ್ರಾಮ ದಾಟಿದ್ರೆ ಹಾಸನ ವಿವಿ. ಮಧ್ಯದಲ್ಲಿ ನಾವು ಹಳೇ ಮನೆಯಲ್ಲೇ ಉಳ್ಕೊಂಡ ಮಕ್ಕಳ ಥರ ಮೈಸೂರು ವಿವಿಯಲ್ಲಿದ್ದೀವಿ. ಈ ಗೆರೆ ಎಳೆದಿದ್ದು ಮೇಷ್ಟ್ರುಗಳಲ್ಲ, ವಿಧಾನಸೌಧದಲ್ಲಿ ಪಾಸಾದ ಕಾನೂನು. ಆ ಕಾನೂನುಗಳ ಕಥೆ ಹೇಳ್ತೀನಿ, ಬೋರ್ ಆಗಲ್ಲ, ಪ್ರಾಮಿಸ್.

ಭಾಗ 2

1916ಕ್ಕೆ ಮುಂಚೆ ಮೈಸೂರಿನ ಮಹಾರಾಜ ಕಾಲೇಜಲ್ಲಿ ಓದಿದವರಿಗೆ ಡಿಗ್ರಿ ಕೊಡ್ತಿದ್ದಿದ್ದು ಮದ್ರಾಸ್ ವಿಶ್ವವಿದ್ಯಾಲಯ. ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಹಾಗೇ. ಪಾಠ ಇಲ್ಲಿ, ಪರೀಕ್ಷೆ ಮತ್ತು ಸರ್ಟಿಫಿಕೇಟು ಅಲ್ಲಿಂದ. ಅಫಿಲಿಯೇಷನ್ ಅಂದ್ರೆ ಮೂಲದಲ್ಲಿ ಇದೇ, ಕಾಲೇಜು ಒಬ್ಬರದ್ದು, ಮೊಹರು ಇನ್ನೊಬ್ಬರದ್ದು.

1916ರ ಜುಲೈ 27ಕ್ಕೆ ಮೈಸೂರು ವಿವಿ ಶುರುವಾಯ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಕುಲಾಧಿಪತಿ, ದಿವಾನರು ವಿಶ್ವೇಶ್ವರಯ್ಯ, ಮೊದಲ ಕುಲಪತಿ ಎಚ್.ವಿ.ನಂಜುಂಡಯ್ಯ. ಬ್ರಿಟಿಷರ ನೇರ ಆಳ್ವಿಕೆಯ ಹೊರಗೆ ಶುರುವಾದ ದೇಶದ ಮೊದಲ ವಿವಿ ಇದು. ನನಗೆ ಇಷ್ಟ ಆಗೋ ವಿಷ್ಯ ಬೇರೆ. ಅವರು ಮದ್ರಾಸಿನ ನಕಲು ಮಾಡ್ಲಿಲ್ಲ. ಎಲ್ಲೆಲ್ಲೋ ಇರೋ ಕಾಲೇಜುಗಳಿಗೆ ಪರೀಕ್ಷೆ ಮಾಡಿ ಕಳಿಸೋ ಆಫೀಸಲ್ಲ, ತಾನೇ ಪಾಠ ಮಾಡೋ ವಿವಿ ಬೇಕು ಅನ್ನೋದು ಯೋಚನೆ. ಅದಕ್ಕೇ ಆ ಎರಡು ಕಾಲೇಜುಗಳನ್ನೇ ವಿವಿಯ ಭಾಗ ಮಾಡ್ಕೊಂಡ್ರು. ಆಗ ತಾಲ್ಲೂಕಿನಲ್ಲಿ ಡಿಗ್ರಿ ಕಾಲೇಜು ಅನ್ನೋ ಮಾತೇ ಇರಲಿಲ್ಲ ಬಿಡಿ. ಹುಣಸೂರಿನ ಹುಡುಗ ಓದಬೇಕು ಅಂದ್ರೆ ಊರು ಬಿಡಲೇಬೇಕಿತ್ತು. ಕಲ್ಲಹಳ್ಳಿಯ ಡಿ.ದೇವರಾಜ ಅರಸು ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋಗಿದ್ದು ಹೀಗೇ.

ಭಾಗ 3

ಸ್ವಲ್ಪ ಫಾಸ್ಟ್ ಆಗಿ ಓಡೋಣ. 1956ರಲ್ಲಿ ಮೈಸೂರು ವಿವಿಗೆ ಹೊಸ ಕಾನೂನು. ಅದೇ ವರ್ಷ ಕುವೆಂಪು ಕುಲಪತಿ ಆದ್ರು, 1960ಕ್ಕೆ ಮಾನಸಗಂಗೋತ್ರಿ ಬಂತು. ತಮಾಷೆ ಅಂದ್ರೆ ರಾಜ್ಯದ ಮೊದಲ ರಾಜ್ಯಪಾಲರು ಜಯಚಾಮರಾಜ ಒಡೆಯರೇ, ಹಾಗಾಗಿ ರಾಜರ ಕಾಲ ಮುಗಿದ್ರೂ ಕುಲಾಧಿಪತಿ ಕುರ್ಚಿಯಲ್ಲಿ ಅವರೇ ಇದ್ರು.

ಆಮೇಲೆ ಪಾಲು ಶುರು. 1964ರಲ್ಲಿ ಬೆಂಗಳೂರು, 1980ರಲ್ಲಿ ಮಂಗಳೂರು, 1987ರಲ್ಲಿ ಕುವೆಂಪು ವಿವಿ. ಒಂದು ಪ್ಯಾಟರ್ನ್ ಗಮನಿಸಿ: ಕೊಣಾಜೆಯಲ್ಲಿ ಮೊದಲು ಬಂದಿದ್ದು ಮೈಸೂರು ವಿವಿಯ ಪಿ.ಜಿ. ಸೆಂಟರ್, ಆಮೇಲೆ ಅದೇ ಮಂಗಳೂರು ವಿವಿ ಆಯ್ತು. ಹಾಸನದ ಹೇಮಗಂಗೋತ್ರಿ ಕೂಡ ಮುಂದೆ ಹಾಗೇ ಆಯ್ತು.

ಇದರ ಮಧ್ಯೆ 1976. ಅಲ್ಲಿವರೆಗೆ ಮೈಸೂರು, ಧಾರವಾಡ, ಬೆಂಗಳೂರು ಒಂದೊಂದಕ್ಕೂ ಬೇರೆ ಬೇರೆ ಕಾನೂನು. ಮೂರಕ್ಕೂ ಸೇರಿಸಿ ಒಂದೇ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ ಬಂತು. ಆಗ ಮುಖ್ಯಮಂತ್ರಿ ಯಾರು? ನಮ್ಮ ಕಲ್ಲಹಳ್ಳಿಯ ಅರಸು ಅವರೇ. ಹುಣಸೂರಿನ ಸರ್ಕಾರಿ ಕಾಲೇಜಿಗೆ ಅವರ ಹೆಸರಿದೆ ಅಂತ ಎಲ್ಲರಿಗೂ ಗೊತ್ತು, ಈ ಕಾಯ್ದೆ ಅವರ ಕಾಲದ್ದು ಅಂತ ಎಷ್ಟು ಜನಕ್ಕೆ ಗೊತ್ತು? ಎಲ್ಲಾ ವಿವಿಗೂ ಒಂದೇ ನಿಯಮ ಅನ್ನೋದು ನ್ಯಾಯವಾಗಿ ಕಾಣುತ್ತೆ. ಆದ್ರೆ ಅದರ ಜೊತೆಗೇ ಇನ್ನೊಂದು ಆಯ್ತು, ಒಂದು ತಿದ್ದುಪಡಿ ಮಾಡಿದ್ರೆ ಎಲ್ಲಾ ವಿವಿಯೂ ಒಟ್ಟಿಗೆ ಬದಲಾಗೋ ಹಾಗಾಯ್ತು. ರಿಮೋಟ್ ಒಂದೇ ಕಡೆ ಬಂತು.

ಭಾಗ 4

ಈಗ ನಾವಿರೋದು ಅದರ ನಂತರದ ಕಾನೂನಲ್ಲಿ. ಹೆಸರಲ್ಲಿ 2000, ಆದ್ರೆ ಅಧಿನಿಯಮದ ನಂಬರು 2001ರ 29. ಹಳೇ ಕಾಯ್ದೆಯಲ್ಲಿದ್ದ ಸೆನೆಟ್ ಇದರಲ್ಲಿ ಇಲ್ಲ. ಸಿಂಡಿಕೇಟ್ ಉಳೀತು. ಅದರಲ್ಲಿ ಸರ್ಕಾರ ನಾಮನಿರ್ದೇಶನ ಮಾಡಿದವರು, ಕುಲಾಧಿಪತಿ ಮಾಡಿದವರು, ಡೀನ್‌ಗಳು, ಕೆಲವು ಪ್ರಾಂಶುಪಾಲರು. ಕುಲಪತಿ ಆಯ್ಕೆಗೆ ಶೋಧನಾ ಸಮಿತಿ ಹೆಸರುಗಳ ಪಟ್ಟಿ ಕೊಡುತ್ತೆ, ರಾಜ್ಯಪಾಲರು ನೇಮಿಸ್ತಾರೆ, ಆದ್ರೆ ರಾಜ್ಯ ಸರ್ಕಾರದ ಸಹಮತಿ ಬೇಕು. ಆ 'ಸಹಮತಿ' ಅನ್ನೋ ಒಂದು ಪದದ ಮೇಲೇ ರಾಜಭವನ ಮತ್ತು ವಿಧಾನಸೌಧದ ಮಧ್ಯೆ ಎಳೆದಾಟ. 2024ರ ಡಿಸೆಂಬರಲ್ಲಿ ಗದಗದ ಗ್ರಾಮೀಣಾಭಿವೃದ್ಧಿ ವಿವಿಗೆ ರಾಜ್ಯಪಾಲರ ಬದಲು ಮುಖ್ಯಮಂತ್ರಿಯೇ ಕುಲಾಧಿಪತಿ ಅಂತ ಮಸೂದೆ ತಂದಿದ್ದು ಇದೇ ಜಗಳದ ಮುಂದಿನ ಹೆಜ್ಜೆ. ಅದು ನಮಗೆ ಅನ್ವಯಿಸಲ್ಲ, ಆದ್ರೂ ಗಮನ ಇಟ್ಟಿರಿ.

ಭಾಗ 5 (ಇದು ನಿಜವಾಗ್ಲೂ ನಿಮ್ಮ ವಿಷ್ಯ)

ವರ್ಷಕ್ಕೊಮ್ಮೆ ಕಾಲೇಜಲ್ಲಿ ಇದ್ದಕ್ಕಿದ್ದಂಗೆ ಲೈಬ್ರರಿ ಧೂಳು ಒರೆಸ್ತಾರೆ, ಕಂಪ್ಯೂಟರ್ ಲ್ಯಾಬ್ ಬೀಗ ತೆಗೀತಾರೆ, "ನಾಳೆ ಎಲ್‌ಐಸಿ ಬರ್ತಾರೆ" ಅಂತಾರೆ. ವಿಮೆಯವರಲ್ಲ ಕಣ್ರೋ! ವಿವಿ ಕಳಿಸೋ ಸ್ಥಳೀಯ ಪರಿಶೀಲನಾ ಸಮಿತಿ. ಕಟ್ಟಡ, ಪುಸ್ತಕ, ಮೇಷ್ಟ್ರುಗಳ ಸಂಖ್ಯೆ ನೋಡಿ ವರದಿ ಕೊಡುತ್ತೆ. ಅದರ ಮೇಲೆ ಸಂಯೋಜನೆ, ಅಂದ್ರೆ ಅಫಿಲಿಯೇಷನ್, ಮುಂದುವರಿಯುತ್ತೆ. ಹೊಸ ಕೋರ್ಸ್ ಬೇಕಾದ್ರೂ ಇದೇ ದಾರಿ.

ಸರ್ಕಾರಿ ಕಾಲೇಜಲ್ಲಿ ಒಂದು ವಿಚಿತ್ರ ಇದೆ. ಸಮಿತಿ "ಕಾಮರ್ಸಿಗೆ ಕಾಯಂ ಉಪನ್ಯಾಸಕರು ಕಮ್ಮಿ" ಅಂತ ಬರೆದ್ರೆ, ಅವರನ್ನ ಕೊಡೋದು ವಿವಿ ಅಲ್ಲ, ಕಾಲೇಜು ಶಿಕ್ಷಣ ಇಲಾಖೆ. ಅತಿಥಿ ಉಪನ್ಯಾಸಕರನ್ನ ತಗೊಳೋದೂ ಇಲಾಖೆ ಲೆಕ್ಕದಲ್ಲೇ. ಸಿಲಬಸ್, ಪರೀಕ್ಷೆ, ಮಾರ್ಕ್ಸ್ ಕಾರ್ಡ್ ಮಾತ್ರ ವಿವಿಯದ್ದು. ಪಾಠ ಆಗ್ಲಿಲ್ಲ ಅಂತ ವಿವಿಗೆ ಹೋದ್ರೆ ಇಲಾಖೆ ಕಡೆ ಕೈ ತೋರಿಸ್ತಾರೆ, ರಿಸಲ್ಟ್ ಬರ್ಲಿಲ್ಲ ಅಂತ ಪ್ರಿನ್ಸಿಪಾಲ್ ಹತ್ರ ಹೋದ್ರೆ ಗಂಗೋತ್ರಿ ಕಡೆ. ನನ್ನ ಪ್ರಕಾರ ನೂರು ವರ್ಷದ ಕಾನೂನುಗಳೆಲ್ಲ ಕುರ್ಚಿ ಯಾರಿಗೆ ಅಂತ ಬರೆದವೇ ಹೊರತು, ಈ ಎರಡು ಕೈಗಳ ಮಧ್ಯೆ ಸಿಕ್ಕಿಹಾಕೊಂಡ ತಾಲ್ಲೂಕು ಕಾಲೇಜಿಗೆ ಉತ್ತರ ಕೊಡೋದು ಯಾರು ಅಂತ ಬರೆಯಲಿಲ್ಲ.

ಭಾಗ 6

ಬಿಕಾಂನವರಿಗೆ ಇಷ್ಟ ಆಗೋ ಭಾಗ, ದುಡ್ಡು. ಸಂಯೋಜಿತ ಕಾಲೇಜುಗಳಿಂದ ವಿವಿಗೆ ಶುಲ್ಕ ಬರುತ್ತೆ, ನಾವು ಕಟ್ಟೋ ಪರೀಕ್ಷಾ ಶುಲ್ಕನೂ ಸೇರಿ. 2022ರ ತಿದ್ದುಪಡಿ ಕಾಯ್ದೆಯಿಂದ ಹಾಸನ, ಚಾಮರಾಜನಗರ, ಕೊಡಗು ಸೇರಿ ಏಳು ಹೊಸ ವಿವಿ ಬಂದವು, 2023ರ ಮಾರ್ಚಲ್ಲಿ ಉದ್ಘಾಟನೆ ಆಯ್ತು. ಮಂಡ್ಯಕ್ಕೆ ಆಗಲೇ ಇತ್ತು. ನಾಲ್ಕು ಜಿಲ್ಲೆಯ ಮೈಸೂರು ವಿವಿ ಒಂದೇ ಜಿಲ್ಲೆಗೆ ಇಳೀತು. ಆದಾಯ ಆ ಕಡೆ ಹೋಯ್ತು, ನಿವೃತ್ತರ ಪಿಂಚಣಿ ಈ ಕಡೆ ಉಳೀತು. ಲೆಡ್ಜರ್ ಬರೆಯೋರಿಗೆ ಇದಕ್ಕಿಂತ ಬಿಡಿಸಿ ಹೇಳ್ಬೇಕಾ?

2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ 9 ಹೊಸ ವಿವಿಗಳನ್ನ ಮುಚ್ಚೋಣ ಅಂತ ಅಭಿಪ್ರಾಯ ಕೊಟ್ಟಿತು, ಜಾಗ ಇಲ್ಲ, ದುಡ್ಡಿಲ್ಲ ಅಂತ. ಆಯಾ ಜಿಲ್ಲೆಯಲ್ಲಿ ವಿರೋಧನೂ ಬಂತು. ಇನ್ನೊಂದು ಕಡೆ 2020ರ ರಾಷ್ಟ್ರೀಯ ಶಿಕ್ಷಣ ನೀತಿ, 15 ವರ್ಷದಲ್ಲಿ ಅಫಿಲಿಯೇಷನ್ ಪದ್ಧತಿಯನ್ನೇ ಹಂತಹಂತವಾಗಿ ತೆಗೆದು ಕಾಲೇಜುಗಳೇ ಡಿಗ್ರಿ ಕೊಡ್ಲಿ ಅನ್ನುತ್ತೆ. ಊರಲ್ಲಿ ಹೆಸರಿರೋ ದೊಡ್ಡ ಕಾಲೇಜು ಹೇಗೋ ನಿಲ್ಲುತ್ತೆ. ಕಾಡಂಚಿನ ಹಾಡಿಗಳಿಂದ ಬಸ್ಸಿಗೆ ಬರೋ ಮಕ್ಕಳಿರೋ ಕೋಟೆಯ ಕಾಲೇಜು ತನ್ನದೇ ಹೆಸರಲ್ಲಿ ಡಿಗ್ರಿ ಕೊಟ್ರೆ, ಬೆಂಗಳೂರಿನ ಕಂಪನಿಯ ಎಚ್‌ಆರ್ ಅದನ್ನ ಹೇಗೆ ನೋಡ್ತಾರೆ? ಮೈಸೂರು ವಿವಿ ಅನ್ನೋ ಆ ಒಂದು ಸಾಲಿನಿಂದಲೇ ನಮ್ಮಲ್ಲಿ ಎಷ್ಟೋ ಜನ ಇಂಟರ್‌ವ್ಯೂ ರೂಮಿನ ಬಾಗಿಲವರೆಗಾದ್ರೂ ಹೋಗ್ತೀವಿ.

ಗುಂಡ್ಲುಪೇಟೆ, ಕುಶಾಲನಗರ, ಕೆ.ಆರ್.ಪೇಟೆ, ಅರಕಲಗೂಡಲ್ಲಿ ಓದೋ ಫ್ರೆಂಡ್ಸ್ ಇದ್ರೆ ಟ್ಯಾಗ್ ಮಾಡಿ. ಅವರ ಮಾರ್ಕ್ಸ್ ಕಾರ್ಡಲ್ಲಿ ಈಗ ಯಾವ ವಿವಿ ಹೆಸರಿದೆ, ಅವರ ಸೀನಿಯರ್‌ಗಳದ್ರಲ್ಲಿ ಯಾವುದಿತ್ತು, ಕಾಮೆಂಟಲ್ಲಿ ಬರೀಲಿ.

#ಹುಣಸೂರು #ಪಿರಿಯಾಪಟ್ಟಣ #ಕೆಆರ್‌ನಗರ #ಎಚ್‌ಡಿಕೋಟೆ #ಮೈಸೂರುವಿವಿ