ಸುಳ್ಳಿಗೆ ಹದಿನಾಲ್ಕು ದಿನ

1993ರ ಅಕ್ಟೋಬರ್ 4. ಅಮೆರಿಕದ ಕಾರ್ಮಿಕ ಇಲಾಖೆ ಮತ್ತು ತೆರಿಗೆ ಇಲಾಖೆಯ ಅಧಿಕಾರಿಗಳು ಹೇಳದೆ ಕೇಳದೆ ಬ್ರೋಗನ್ ಎಂಬ ಕಾರ್ಮಿಕ ಸಂಘದ ಪದಾಧಿಕಾರಿಯ ಮನೆಗೆ ಬಂದರು. ಸಂಘದಲ್ಲಿದ್ದಾಗ ಒಂದು ರಿಯಲ್ ಎಸ್ಟೇಟ್ ಕಂಪನಿಯಿಂದ ಹಣವನ್ನೋ ಉಡುಗೊರೆಯನ್ನೋ ಪಡೆದಿದ್ದೀರಾ ಎಂದು ಕೇಳಿದರು. ಆತ ‘ಇಲ್ಲ’ ಎಂದ. ಕಂಪನಿಯನ್ನು ಶೋಧಿಸಿದಾಗ ಸಿಕ್ಕ ಲೆಕ್ಕಪತ್ರ ತಮ್ಮ ಬಳಿ ಇದೆ, ನಮಗೆ ಸುಳ್ಳು ಹೇಳುವುದು ಅಪರಾಧ ಎಂದು ಅವರು ತಿಳಿಸಿದ್ದು ಅದಾದ ಮೇಲೆ. ಬ್ರೋಗನ್ ಮಾತು ಬದಲಿಸಲಿಲ್ಲ. ಆ ಒಂದು ‘ಇಲ್ಲ’ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು.

ಅವನ ಮೇಲೆ ಹೇರಿದ್ದು ಫೆಡರಲ್ ಕಾನೂನು ಸಂಹಿತೆಯ 18ನೇ ಶೀರ್ಷಿಕೆಯ 1001ನೇ ಕಲಂ. ಇದರ ಬೇರು ಅಂತರ್ಯುದ್ಧದ ನಡುವೆ, 1863ರಲ್ಲಿ ಬಂದ ಕಾಯ್ದೆಯಲ್ಲಿದೆ. ಸೈನ್ಯಕ್ಕೆ ಸುಳ್ಳು ಬಿಲ್ಲು ಕೊಟ್ಟು ಖಜಾನೆಗೆ ಕನ್ನ ಹಾಕುವವರನ್ನು ಹಿಡಿಯಲೆಂದು ಮಾಡಿದ್ದು ಅದು. 1934ರಲ್ಲಿ, ಮಿತಿ ಮೀರಿ ತೈಲ ತೆಗೆದು ಸುಳ್ಳು ವರದಿ ಕೊಡುತ್ತಿದ್ದವರಿಂದ ರೋಸಿಹೋದ ಒಳಾಡಳಿತ ಕಾರ್ಯದರ್ಶಿ ಹೆರಾಲ್ಡ್ ಇಕ್ಸ್ ಒತ್ತಾಯದ ಮೇಲೆ ಕಾನೂನಿನ ಬಲೆ ಅಗಲವಾಯಿತು. ಈಗ ಫೆಡರಲ್ ಸರ್ಕಾರದ ವ್ಯಾಪ್ತಿಯ ವಿಷಯದಲ್ಲಿ, ಪ್ರಮಾಣವಚನವಿಲ್ಲದೆ, ಬರಿಯ ಬಾಯಿಮಾತಿನಲ್ಲಿ ಹೇಳಿದ ಮಹತ್ವದ ಸುಳ್ಳಿಗೂ ಐದು ವರ್ಷದವರೆಗೆ ಜೈಲಾಗಬಹುದು. ನಮ್ಮ ಪೊಲೀಸ್ ಠಾಣೆಯ ರೂಢಿ ಬಲ್ಲವರಿಗೆ ಇದು ವಿಚಿತ್ರ ಅನ್ನಿಸೀತು. ಇಲ್ಲಿ ತನಿಖಾಧಿಕಾರಿ ಬರೆದುಕೊಂಡ ಹೇಳಿಕೆಗೆ ಸಾಕ್ಷಿ ಸಹಿ ಹಾಕುವಂತೆಯೇ ಇಲ್ಲ.

ಕಾನೂನು ಹೇಳುವುದು ಐದು ವರ್ಷವಾದರೂ ಕೋರ್ಟು ಕೊಡುವುದು ಹೆಚ್ಚಾಗಿ ವಾರಗಳ, ತಿಂಗಳುಗಳ ಲೆಕ್ಕದಲ್ಲಿ. ಅಷ್ಟಕ್ಕೆ ಯಾರಾದರೂ ಹೆದರುತ್ತಾರೆಯೇ? ಪ್ರಶ್ನೆ ಹಳೆಯದು. 1764ರಲ್ಲೇ ಇಟಲಿಯ ಚಿಂತಕ ಬೆಕಾರಿಯ, ಶಿಕ್ಷೆಯ ಕ್ರೌರ್ಯಕ್ಕಿಂತ ಅದು ತಪ್ಪದೆ, ತಡವಾಗದೆ ಬರುವುದೇ ಮುಖ್ಯ ಎಂದು ವಾದಿಸಿದ್ದ. 1968ರಲ್ಲಿ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ ಅಪರಾಧವನ್ನು ಲಾಭನಷ್ಟದ ಲೆಕ್ಕಕ್ಕೆ ಇಳಿಸಿದ. ಪರೀಕ್ಷೆ ನಡೆಸಲು ತಡವಾಗಿ, ದಂಡ ಬೀಳಬಹುದಾದ ಜಾಗದಲ್ಲಿ ಕಾರು ನಿಲ್ಲಿಸಲೋ ಬೇಡವೋ ಎಂದು ತೂಗಿ ನೋಡಿದಾಗ ಈ ವಿಚಾರ ಹೊಳೆಯಿತು ಎಂದು ಆತನೇ ಹೇಳಿಕೊಂಡಿದ್ದಾನೆ. ಬೆಕರನ ಸೂತ್ರದಲ್ಲಿ ಶಿಕ್ಷೆಯ ಪ್ರಮಾಣಕ್ಕೂ ಜಾಗವಿತ್ತು. ಆದರೆ ನಂತರದ ದಶಕಗಳ ಅಧ್ಯಯನಗಳನ್ನು 2013ರಲ್ಲಿ ಒಟ್ಟಿಗೆ ನೋಡಿದ ಅಪರಾಧಶಾಸ್ತ್ರಜ್ಞ ಡೇನಿಯಲ್ ನೇಗಿನ್ ಮತ್ತೆ ಬೆಕಾರಿಯನ ಕಡೆಗೇ ವಾಲಿದ: ಮೊದಲೇ ದೀರ್ಘವಾದ ಶಿಕ್ಷೆಯನ್ನು ಇನ್ನಷ್ಟು ಎಳೆದರೆ ಭಯ ಹೆಚ್ಚುವುದಿಲ್ಲ, ಸಿಕ್ಕಿಬೀಳುತ್ತೇನೆಂಬ ನಂಬಿಕೆ ಹೆಚ್ಚಿದರೆ ಹೆಚ್ಚುತ್ತದೆ.

ಹಾಗಾದರೆ ಚಿಕ್ಕ ಶಿಕ್ಷೆ ಸಾಕೇ? ಇಲ್ಲಿ ಪುರಾವೆ ಒಂದೇ ದಿಕ್ಕಿಗೆ ಹರಿಯುವುದಿಲ್ಲ. ಡೇವಿಡ್ ವೈಸ್‌ಬರ್ಡ್ ಮತ್ತು ಸಂಗಡಿಗರು ಫೆಡರಲ್ ಕೋರ್ಟುಗಳಲ್ಲಿ ಶಿಕ್ಷೆಯಾದ ವೈಟ್ ಕಾಲರ್ ಅಪರಾಧಿಗಳನ್ನು ಸುಮಾರು ಹತ್ತು ವರ್ಷ ಹಿಂಬಾಲಿಸಿ ನೋಡಿದರು. ಜೈಲಿಗೆ ಹೋದವರೂ ಹೋಗದವರೂ ಮತ್ತೆ ಸಿಕ್ಕಿಬಿದ್ದದ್ದರಲ್ಲಿ ವ್ಯತ್ಯಾಸವಿಲ್ಲ ಎಂಬುದು 1995ರಲ್ಲಿ ಅವರು ಕೊಟ್ಟ ಫಲಿತಾಂಶ. ಅದೇ ವೈಸ್‌ಬರ್ಡ್ 2008ರಲ್ಲಿ ನ್ಯೂ ಜೆರ್ಸಿಯಿಂದ ವರದಿ ಮಾಡಿದ್ದು ಬೇರೆ: ಕೋರ್ಟಿನ ದಂಡ ಕಟ್ಟದೆ ಸತಾಯಿಸುತ್ತಿದ್ದವರಿಗೆ ಜೈಲಿನ ಬೆದರಿಕೆ ತಟ್ಟಿದೊಡನೆ ಹಣ ಬರತೊಡಗಿತು. ಹವಾಯಿಯಲ್ಲಿ ನ್ಯಾಯಾಧೀಶ ಸ್ಟೀವನ್ ಆಲ್ಮ್ 2004ರಲ್ಲಿ ಪ್ರೊಬೇಷನ್‌ನಲ್ಲಿದ್ದವರು ತಪ್ಪಿದರೆ ತಕ್ಷಣ ಕೆಲವು ದಿನ ಒಳಗೆ ಹಾಕುವ ಪದ್ಧತಿ ತಂದ. ಮೊದಲ ಮೌಲ್ಯಮಾಪನ ಅದನ್ನು ಹೊಗಳಿತು. ಬೇರೆ ನಾಲ್ಕು ಕಡೆ ಪ್ರಯತ್ನಿಸಿದಾಗ ವಿಶೇಷ ಪ್ರಯೋಜನ ಕಾಣಲಿಲ್ಲ. ನನಗೆ ಇದರಲ್ಲಿ ಕಾಣುವ ಸಾಮಾನ್ಯ ಎಳೆ ಇಷ್ಟು: ಕೆಲಸ ಮಾಡಿದಲ್ಲೆಲ್ಲ ಎಚ್ಚರಿಕೆ ಮೊದಲು ಬಂದಿತ್ತು, ಶಿಕ್ಷೆ ಆಮೇಲೆ.

ಸುಳ್ಳಿನ ಮೊಕದ್ದಮೆಗಳಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ. ಬ್ರೋಗನ್‌ಗೆ ಎಚ್ಚರಿಕೆ ಸಿಕ್ಕಿದ್ದು ಸುಳ್ಳು ಹೇಳಿದ ಮೇಲೆ. 1998ರಲ್ಲಿ ನ್ಯಾಯಮೂರ್ತಿ ಸ್ಕಾಲಿಯ ಬರೆದ ತೀರ್ಪು, ತಪ್ಪು ಒಪ್ಪದ ಬರಿಯ ‘ಇಲ್ಲ’ವೂ ಅಪರಾಧವೇ ಎಂದಿತು. ತೀರ್ಮಾನವನ್ನು ಒಪ್ಪಿದರೂ ನ್ಯಾಯಮೂರ್ತಿ ಗಿನ್ಸ್‌ಬರ್ಗ್ ಪ್ರತ್ಯೇಕವಾಗಿ ಬರೆದು, ಅಧಿಕಾರಿಗಳು ಹೀಗೆ ಅಪರಾಧವನ್ನೇ ತಯಾರಿಸಬಲ್ಲರು ಎಂಬ ಆತಂಕ ವ್ಯಕ್ತಪಡಿಸಿದರು.

ಇದೆಲ್ಲ ಮನೆಮಾತಾದದ್ದು ಮಾರ್ಥಾ ಸ್ಟೀವರ್ಟ್‌ಳಿಂದ. ಅಡುಗೆ, ಮನೆವಾರ್ತೆಯ ಸಾಮ್ರಾಜ್ಯ ಕಟ್ಟಿದ ಈಕೆ 2001ರ ಡಿಸೆಂಬರ್ 27ರಂದು ಇಮ್‌ಕ್ಲೋನ್ ಕಂಪನಿಯ 3,928 ಷೇರು ಮಾರಿ, ತಪ್ಪಿಸಿಕೊಂಡದ್ದು ಸುಮಾರು 45,000 ಡಾಲರ್ ನಷ್ಟ. ಬೆಲೆ 60 ಡಾಲರ್‌ಗೆ ಇಳಿದರೆ ಮಾರಬೇಕೆಂದು ದಲ್ಲಾಳಿಯೊಂದಿಗೆ ಮೊದಲೇ ಮಾತಾಗಿತ್ತು ಎಂದು ತನಿಖಾಧಿಕಾರಿಗಳಿಗೆ ಹೇಳಿದಳು. ದಲ್ಲಾಳಿಯ ಕಾಗದದಲ್ಲಿ 60 ಎಂಬ ಆ ಗುರುತು ಉಳಿದ ಟಿಪ್ಪಣಿಗಳಿಗಿಂತ ಬೇರೆ ಶಾಯಿಯಲ್ಲಿತ್ತು. ತಮಾಷೆಯೆಂದರೆ, ಆ ಶಾಯಿಯ ಬಗ್ಗೆ ಸಾಕ್ಷಿ ಹೇಳಿದ ಸರ್ಕಾರಿ ತಜ್ಞನ ಮೇಲೇ ಸುಳ್ಳುಸಾಕ್ಷ್ಯದ ಆರೋಪ ಬಂತು, ಆತ ಖುಲಾಸೆಯಾದ. ಒಳಗಿನ ಸುದ್ದಿ ತಿಳಿದು ಷೇರು ಮಾರಿದ್ದಕ್ಕೆ ಕ್ರಿಮಿನಲ್ ಆರೋಪ ಹೊರಿಸದೆ, ಒಳಸಂಚು, ತನಿಖೆಗೆ ಅಡ್ಡಿ, ಸುಳ್ಳು ಹೇಳಿಕೆಗಳಿಗೆ 2004ರಲ್ಲಿ ಸ್ಟೀವರ್ಟ್‌ಗೆ ಐದು ತಿಂಗಳ ಜೈಲು, ಐದು ತಿಂಗಳ ಗೃಹಬಂಧನ ವಿಧಿಸಿದರು.

ಈ ಪ್ರಕರಣದಿಂದ ಜನ ಕಲಿತ ಪಾಠ ಯಾವುದು? ನಿಜ ಹೇಳಬೇಕು ಎಂದಲ್ಲ. ಬಾಯಿ ತೆರೆಯಬಾರದು ಎಂದು. ಅಮೆರಿಕದ ಕ್ರಿಮಿನಲ್ ವಕೀಲರು ಕಕ್ಷಿದಾರರಿಗೆ ಕೊಡುವ ಮೊದಲ ಸಲಹೆಯೇ ಅದು. ಬಂಧನದಲ್ಲಿ ಇಲ್ಲದವರನ್ನು ಮಾತಾಡಿಸುವಾಗ ಎಫ್‌ಬಿಐ ಸಾಮಾನ್ಯವಾಗಿ ಧ್ವನಿಮುದ್ರಣ ಮಾಡುವುದಿಲ್ಲ. ಅಧಿಕಾರಿ ಆಮೇಲೆ 302 ಎಂಬ ನಮೂನೆಯಲ್ಲಿ ಬರೆದಿಟ್ಟದ್ದೇ ದಾಖಲೆ. ಹೀಗಿರುವಾಗ ಮೌನ ಲಾಭದ ವ್ಯವಹಾರ. ಕಾಗದದ ಮೇಲಿನ ಸುಳ್ಳಿನ ಮಾತು ಬೇರೆ. ಬೆಂಗಳೂರಿನಿಂದ ಹೋಗಿ ಅಲ್ಲಿ ಕೆಲಸಕ್ಕೆ ಸೇರುವ ಎಂಜಿನಿಯರ್ ತುಂಬುವ ಐ-9 ನಮೂನೆಯಲ್ಲಿ, ಸುಳ್ಳು ಹೇಳಿದರೆ ಜೈಲು ಅಥವಾ ದಂಡ ಎಂಬ ಸಾಲು ಸಹಿಯ ಜಾಗಕ್ಕೆ ಮೊದಲೇ ಇರುತ್ತದೆ. ಪೆನ್ನು ಹಿಡಿದು ಓದಲು ಸಮಯವಿರುತ್ತದೆ. ಹೊಸ್ತಿಲಲ್ಲಿ ನಿಂತವನಿಗೆ ಅದಿಲ್ಲ.

2016ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ರಷ್ಯಾದ ಕೈವಾಡದ ತನಿಖೆ, ಅಧಿಕಾರಿಗಳಿಗೆ ಹೇಳಿದ ಸುಳ್ಳಿನ ಶಿಕ್ಷೆಯನ್ನು ಇನ್ನೂ ಕುಗ್ಗಿಸಿತು. 2018ರ ಏಪ್ರಿಲ್‌ನಲ್ಲಿ ವಕೀಲ ಅಲೆಕ್ಸ್ ವ್ಯಾನ್ ಡರ್ ಜ್ವಾನ್‌ಗೆ 30 ದಿನ, 20,000 ಡಾಲರ್ ದಂಡ. ಸೆಪ್ಟೆಂಬರ್‌ನಲ್ಲಿ ಟ್ರಂಪ್ ಪ್ರಚಾರ ತಂಡದ ಸಲಹೆಗಾರ ಜಾರ್ಜ್ ಪಾಪಡೊಪೊಲಸ್‌ಗೆ 14 ದಿನ, 9,500 ಡಾಲರ್. ಎರಡನೆಯವನು ಒಳಗಿದ್ದದ್ದು 12 ದಿನ. ನನ್ನ ಮಟ್ಟಿಗೆ 14 ದಿನ ಕಡಿಮೆಯಾಯಿತೆಂಬುದು ದೂರಲ್ಲ. ಹೆಸರು ಗಳಿಸಿದವರಿಗೆ ಒಂದು ರಾತ್ರಿಯ ಕಂಬಿಯೂ ದೊಡ್ಡದೇ. ಆದರೆ ಅದು ತಪ್ಪದೆ ಬರುತ್ತದೆಂದು ಯಾರಾದರೂ ನಂಬಬೇಕಲ್ಲ. ಅದೇ ತನಿಖೆಯಲ್ಲಿ ತಪ್ಪೊಪ್ಪಿಕೊಂಡಿದ್ದ, ಟ್ರಂಪ್‌ಗೆ ಭದ್ರತಾ ಸಲಹೆಗಾರನಾಗಿದ್ದ ಮೈಕಲ್ ಫ್ಲಿನ್‌ಗೆ ಶಿಕ್ಷೆ ಘೋಷಣೆಯಾಗುವ ಮೊದಲೇ, 2020ರ ನವೆಂಬರ್‌ನಲ್ಲಿ, ಅಧ್ಯಕ್ಷರ ಕ್ಷಮಾದಾನ ಸಿಕ್ಕಿತು. ಡಿಸೆಂಬರ್ 22ರಂದು ಉಳಿದಿಬ್ಬರಿಗೂ ಒಟ್ಟಿಗೇ ಸಿಕ್ಕಿತು. ಅಷ್ಟರಲ್ಲಿ ಅವರು ಜೈಲಿನಿಂದ ಹೊರಬಂದು ಎರಡು ವರ್ಷ ಕಳೆದಿತ್ತು. ಪಾಪಡೊಪೊಲಸ್ ಒಂದು ಪುಸ್ತಕವನ್ನೂ ಹೊರತಂದಿದ್ದ.