ವಾರಸುದಾರರಿರುವ ಇತಿಹಾಸ

ಧಾರವಾಡದ ಪಶ್ಚಿಮಕ್ಕಿರುವ ಮುಗದವನ್ನು ಇಂದು ಜನ ಅರಿಯುವುದು ಅದರ ಕೆರೆ, ಕುಂಬಾರಿಕೆ ಹಾಗೂ ಭತ್ತದ ಸಂಶೋಧನಾ ಕೇಂದ್ರಗಳಿಂದ. ಶಾಸನಾಭ್ಯಾಸಿಗಳಿಗೆ ಅದು ಕ್ರಿ.ಶ. 1045ರ ಊರು. ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರನ ಕಾಲದ ಇಲ್ಲಿಯ ಶಾಸನವು ಸಮ್ಯಕ್ತ್ವರತ್ನಾಕರವೆಂಬ ಚೈತ್ಯಾಲಯವನ್ನೂ ಯಾಪನೀಯ ಸಂಘದ ಕುಮುದಿ ಗಣವನ್ನೂ ಹೆಸರಿಸುತ್ತದೆ. ಯಾಪನೀಯ ಮುನಿಗಳು ದಿಗಂಬರರಂತೆ ನಗ್ನರು. ಆದರೆ ಸ್ತ್ರೀಗೆ ಅದೇ ಜನ್ಮದಲ್ಲಿ ಮುಕ್ತಿಯುಂಟೆಂಬ ವಿಷಯದಲ್ಲಿ ಶ್ವೇತಾಂಬರರೊಡನೆ ನಿಂತವರು. ಆ ಸಂಘ ಅಳಿದು ಶತಮಾನಗಳಾದವು. ಅವರನ್ನು ಕುರಿತು ಏನು ಬರೆದರೂ ನೊಂದುಕೊಳ್ಳಲು ಇಂದು ಯಾರೂ ಉಳಿದಿಲ್ಲ. ಇಂಥಲ್ಲಿ ಸಂಶೋಧಕನ ಪ್ರಾಮಾಣಿಕತೆ ಅಗ್ಗವಾಗಿಯೇ ದೊರೆಯುತ್ತದೆ.

ಸ್ತ್ರೀಮುಕ್ತಿಯ ಪ್ರಶ್ನೆ ಮಾತ್ರ ಜೀವಂತವಾಗಿದೆ. ಮೂಡಬಿದಿರೆಯ ಓಲೆಗರಿಗಳಲ್ಲಿ ಕನ್ನಡ ಲಿಪಿಯಲ್ಲಿ ಉಳಿದುಬಂದ ಧವಲಾ ಟೀಕೆಯ ಮೊದಲ ಸಂಪುಟವನ್ನು ಹೀರಾಲಾಲ ಜೈನರು 1939ರಲ್ಲಿ ಹೊರತಂದಾಗ, 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಪದ ಬಿಟ್ಟುಹೋಗಿರಬೇಕೆಂದು ಸಂಪಾದಕರಿಗೆ ತೋರಿತು. ಕೈಯಲ್ಲಿದ್ದ ಪ್ರತಿಗಳಲ್ಲಿ ಅದಿರಲಿಲ್ಲ. ಅವರು ಅದನ್ನು ಮೂಲದೊಳಗೆ ಸೇರಿಸಲಿಲ್ಲ, ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಸಂಪ್ರದಾಯಸ್ಥರ ವಿರೋಧ ಪ್ರಬಲವಾಗಿಯೇ ಇತ್ತು. ಮುಂದೆ ಮೂಡಬಿದಿರೆಯ ತಾಡಪತ್ರಗಳನ್ನು ನೋಡಿದಾಗ ಆ ಪದ ಅಲ್ಲಿತ್ತು. ಅದರ ಅರ್ಥವೇನೆಂಬ ವಾದ ಬೇರೆ; ಪಾಠದ ವಿಷಯದಲ್ಲಿ ಓಲೆಗರಿಯೇ ಸಾಕ್ಷಿ ನುಡಿಯಿತು.

ಡಾ. ಎಂ. ಎಂ. ಕಲಬುರ್ಗಿಯವರಿಗೆ ಇಂಥ ಅವಕಾಶ ದೊರೆಯಲಿಲ್ಲ. ಕವಿರಾಜಮಾರ್ಗದ ಅಧ್ಯಯನದಿಂದ ತೊಡಗಿ ಶಾಸನ, ವಚನ, ಗ್ರಂಥಸಂಪಾದನೆಗಳಲ್ಲಿ ದುಡಿದ ಅವರು ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದಾಗ, ‘ಮಾರ್ಗ’ದ ಮೊದಲ ಸಂಪುಟದಲ್ಲಿ ಚನ್ನಬಸವಣ್ಣನ ಜನನ ಹಾಗೂ ನೀಲಾಂಬಿಕೆಯ ದಾಂಪತ್ಯವನ್ನು ಕುರಿತು ಕೆಲವು ಊಹೆಗಳನ್ನು ಮುಂದಿಟ್ಟರು. ಅವರದೇ ಸಮುದಾಯ ಕೆರಳಿತು. 1989ರಲ್ಲಿ ಅವರು ಆ ಭಾಗಗಳನ್ನು ಹಿಂತೆಗೆದುಕೊಂಡರು.

ಸಂಶೋಧನೆಯಲ್ಲಿ ನಿಲುವು ಬದಲಿಸುವುದು ಅವಮಾನದ ಸಂಗತಿಯಲ್ಲ. ಹೊಸ ಆಧಾರ ದೊರೆತಾಗ ಬದಲಿಸದಿರುವುದೇ ಅವಮಾನ. ಆದರೆ ಇಲ್ಲಿ ಹೊಸ ಆಧಾರವೇನೂ ಬಂದಿರಲಿಲ್ಲ, ಬಂದದ್ದು ಬೆದರಿಕೆ. ಕಲಬುರ್ಗಿಯವರು ಈ ಎರಡನ್ನು ಎಂದೂ ಬೆರೆಸಲಿಲ್ಲ. ಕುಟುಂಬದ ಜೀವ ಉಳಿಸಲು ಹಾಗೆ ಮಾಡಿದೆ, ಅಂದೇ ಬೌದ್ಧಿಕ ಆತ್ಮಹತ್ಯೆಯನ್ನೂ ಮಾಡಿಕೊಂಡೆ ಎಂಬರ್ಥದಲ್ಲಿ ಬಹಿರಂಗವಾಗಿಯೇ ನುಡಿದರು. ‘ಮರುಪರಿಶೀಲನೆಯಿಂದ ಅಭಿಪ್ರಾಯ ಬದಲಾಯಿತು’ ಎಂದು ಒಂದು ವಾಕ್ಯ ಬರೆದಿದ್ದರೆ ಅವರ ಮಾನ ಉಳಿಯುತ್ತಿತ್ತು. ವಿದ್ವತ್ತಿನ ದಾಖಲೆ ಕೆಡುತ್ತಿತ್ತು. ಅವರು ಮಾನವನ್ನು ಬಿಟ್ಟರು. ಅವರು ಅಚಲವಾಗಿ ನಿಲ್ಲಬೇಕಿತ್ತೆಂಬ ಆಕ್ಷೇಪವನ್ನು ವಿಚಾರಸಂಕಿರಣಗಳಲ್ಲಿ ಕೇಳಿದ್ದೇನೆ. ಇನ್ನೊಬ್ಬರ ಮನೆಯವರ ಪ್ರಾಣವನ್ನು ಪಣಕ್ಕಿಟ್ಟು ಧೈರ್ಯ ಬೋಧಿಸುವುದು ಸುಲಭ, ಅದೂ ಚಹದ ವಿರಾಮದಲ್ಲಿ.

ಇಷ್ಟಾದರೂ ಅವರ ವೃತ್ತಿಜೀವನ ಅಲ್ಲಿಗೆ ಮುಗಿಯಲಿಲ್ಲ. 1993ರಲ್ಲಿ ಹೊರಬಂದ 15 ಸಂಪುಟಗಳ ಸಮಗ್ರ ವಚನ ಸಾಹಿತ್ಯಕ್ಕೆ ಅವರೇ ಪ್ರಧಾನ ಸಂಪಾದಕರು. ಮುಂದೆ ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳಾದರು. ‘ಮಾರ್ಗ-4’ಕ್ಕೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಹಿಂದೆ ಸರಿದವರು ಮತ್ತೆ ವಿವಾದಕ್ಕೆ ಹೆದರಿ ಸುಮ್ಮನಾಗಲೂ ಇಲ್ಲ. ಲಿಂಗಾಯತವು ಸ್ವತಂತ್ರ ಧರ್ಮವೆಂಬ ನಿಲುವನ್ನು ಕೊನೆಯವರೆಗೂ ಪ್ರತಿಪಾದಿಸಿದರು.

2015ರ ಆಗಸ್ಟ್ 30ರಂದು ಧಾರವಾಡದ ಕಲ್ಯಾಣನಗರದ ಮನೆಯಲ್ಲಿ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಆ ಬಳಿಕ ಬಂದ ಸ್ಮರಣಲೇಖನಗಳಲ್ಲಿ ಅವರು ಎಂದೂ ಬಾಗದ ವೀರರಾಗಿ ಕಾಣಿಸುವುದುಂಟು. ಅಭಿಮಾನದಿಂದ ಬರೆದದ್ದು ನಿಜ. ಆದರೆ ಅವರೇ ಮರೆಮಾಚದ 1989 ಅಲ್ಲಿ ಮರೆಯಾಗಿರುತ್ತದೆ.